ಖೂನಿ ದೃಶ್ಯಕ್ಕೆ ಅಡ್ಡ ಬಂದ ಕೈ

ದೆವ್ವ, ಆತ್ಮ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ಬೆಳಿಗ್ಗೆ ಬಸ್ತಿಗೆ ಹೋಗಿ ದೇವರಿಗೆ ಕೈಮುಗಿದು ಬಂದವಳಿಗೆ ಇಂಥ ಕಥೆ ಯಾಕೆ ಬೇಕು? ಈಗ ಹಾಗೆ ಎದ್ದು ಹೋಗುವುದಿಲ್ಲ. ಆರೇಳು ವರ್ಷದ ಹಿಂದೆ ಹಾಡಹಗಲೇ ನನ್ನ ಕಣ್ಣಾರೆ ಕಂಡದ್ದೊಂದು ಇನ್ನೂ ಅರ್ಥವಾಗದೆ ಉಳಿದಿದೆ.

ನಾವು ಸದಲಗಾದ ಜೈನರು. ನನ್ನ ಮಾವ ಹರೆಯದಲ್ಲಿ ಡೇರೆ ಸಿನಿಮಾದ ಆಪರೇಟರ್ ಆಗಿದ್ದರು. ಆಗ ಒಂದು ಹಿಂದಿ ಚಿತ್ರ ಬಂದಿತ್ತಂತೆ, ಕಪ್ಪು ಬಿಳುಪಿನದು. ಟೊಪ್ಪಿಗೆ ಹಾಕಿದ ಮನುಷ್ಯ, ಸಿಗರೇಟಿನ ಹೊಗೆ, ಮೆಟ್ಟಿಲ ಮೇಲೆ ಉದ್ದುದ್ದ ನೆರಳು, ಕೊನೆಗೊಂದು ಖೂನಿ. ಹೊಸದಾಗಿ ಮದುವೆಯಾಗಿದ್ದ ಅತ್ತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂಡುತ್ತಿದ್ದರು. ಜೀವ ತೆಗೆಯುವುದನ್ನು ನೋಡಬಾರದೆಂದು ಕಣ್ಣು ಮುಚ್ಚುವರು. ಆದರೆ ಬೆರಳ ಸಂದಿಯಿಂದ ಇಣುಕುವರು. ಅದು ಗೊತ್ತಿದ್ದ ಮಾವ ಯಂತ್ರದ ಬೆಳಕಿಗೆ ತಮ್ಮ ಕೈಯನ್ನೇ ಅಡ್ಡ ಹಿಡಿಯುವರು. ಪರದೆ ತುಂಬ ದೊಡ್ಡ ಅಂಗೈ!

"ಏ ಆಪರೇಟರಾ, ಖೂನಿ ನೋಡಾಕ ಬಂದೀವೋ, ನಿನ್ನ ಕೈ ನೋಡಾಕಲ್ಲ!" ಎಂದು ಜನ ಸೀಟಿ ಹೊಡೆಯುವರು.

"ಮುಗೀತೇನ್ರಿ?" ಎಂದು ಅತ್ತೆ ಕೇಳುವರು.

"ಮುಗೀತು, ಕಣ್ಣ ತಗಿ" ಎಂದ ಮೇಲೆಯೇ ಮಾವನ ಕೈ ಇಳಿಯುತ್ತಿತ್ತು.

ಇದನ್ನು ಅತ್ತೆ ನನಗೆ ರೊಟ್ಟಿ ಬಡಿಯುತ್ತ ಎಷ್ಟು ಸಲ ಹೇಳಿದ್ದರೋ. ಎಮ್ಮೆ ಹಗ್ಗ ಜಗ್ಗಿದಾಗ ಅವರ ಬಲಗೈ ಕಿರುಬೆರಳು ಹೊರಕ್ಕೆ ಸೊಟ್ಟಾಗಿತ್ತು. ರೊಟ್ಟಿಯ ಅಂಚಿನಲ್ಲಿ ಆ ಬೆರಳಿನದೊಂದು ಗುರುತು ಮೂಡುತ್ತಿತ್ತು. ಎರಡೂ ಬಾಣಂತನದಲ್ಲಿ ನನಗೆ ತುತ್ತು ಮಾಡಿ ಉಣಿಸಿದ್ದು ಅದೇ ಕೈ. ಇಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ.

ಅತ್ತೆ ತೀರಿಕೊಂಡ ಎರಡು ತಿಂಗಳಿಗೆ ಮಾವ ಊಟ ಬಿಟ್ಟರು. "ಸಲ್ಲೇಖನ ವ್ರತ ತಗೊಂಡಾರೇನ್ರಿ?" ಎಂದು ಓಣಿಯವರು ದನಿ ತಗ್ಗಿಸಿ ಕೇಳಿದರು. ವ್ರತವೂ ಅಲ್ಲ, ಹಠವೂ ಅಲ್ಲ. ಹಸಿವೇ ಸತ್ತಿತ್ತು. ಮೂರು ದಿನ ಬರೀ ನೀರು. ಇಂದು ಏನಾದರೂ ಹೊಟ್ಟೆಗೆ ಹೋಗದಿದ್ದರೆ ಕಷ್ಟ ಎಂದು ಡಾಕ್ಟರು ಅಂದರು. ಬೇರೆಯವರ ಮನೆಯಲ್ಲಾದರೆ ರಾತ್ರಿ ಯಾವಾಗಲಾದರೂ ಎಬ್ಬಿಸಿ ಒಂದು ಗುಟುಕು ಕುಡಿಸಬಹುದು. ನಮ್ಮಲ್ಲಿ ಹೊತ್ತು ಮುಳುಗಿತೆಂದರೆ ಆ ದಿನದ ಊಟ, ನೀರು ಎಲ್ಲ ಮುಗಿಯಿತು. ಸೂರ್ಯ ಇಳಿದಂತೆಲ್ಲ ನನ್ನ ಎದೆಯೂ ಇಳಿಯುತ್ತಿತ್ತು.

ಅವತ್ತೇ ನಮ್ಮ ಮನೆಯವರು ಕೊಲ್ಹಾಪುರದಿಂದ ಒಂದು ಡಿವಿಡಿ ತಂದರು. ಅದೇ ಖೂನಿ ಚಿತ್ರ. ಹಳೆಯ ರೀಲನ್ನು ಚೊಕ್ಕಟ ಮಾಡಿ ಹೊಸದಾಗಿ ಬಿಟ್ಟಿದ್ದೇವೆಂದು ಡಬ್ಬಿಯ ಮೇಲೆ ಬರೆದಿತ್ತು. "ಅಪ್ಪಾ ನೋಡ್ತಾನೇನೋ, ಹಚ್ಚಿ ನೋಡು" ಎಂದು ನನ್ನ ಕೈಗೆ ಕೊಟ್ಟು ಕಬ್ಬಿಗೆ ನೀರು ಬಿಡಲು ಹೊಲಕ್ಕೆ ಹೋದರು. ಮಗಳು ಪದ್ಮಾ ಅಡುಗೆಮನೆಯಲ್ಲಿ ಬ್ಯಾಳಿ ಹಸನು ಮಾಡುತ್ತಿದ್ದಳು.

ಮಧ್ಯಾಹ್ನ ಮೂರಕ್ಕೆ ಹಚ್ಚಿದೆ. ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು, ಮಾವನ ಎರಡೂ ಕೈಯನ್ನು ನನ್ನ ಮಡಿಲಲ್ಲಿ ಹಿಡಿದು ಕುಳಿತೆ. ಅವರು ಕಣ್ಣು ಕದಲಿಸದೆ ನೋಡಿದರು. ಗೋಡೆಯ ಮೇಲಿನ ಬಿಸಿಲು ಕೆಂಪಾಗುತ್ತ ಬಂತು. ಮೆಟ್ಟಿಲು ಬಂತು, ಟೊಪ್ಪಿಗೆಯವನು ಬಂದ, ಆ ಹೆಣ್ಣುಮಗಳು ಹಿಂದೆ ಹಿಂದೆ ಸರಿದಳು.

ಆಗ ಟಿವಿಯ ಒಂದು ಮೂಲೆಯಿಂದ ಕಪ್ಪು ಏರಿತು. ನಿಧಾನಕ್ಕೆ, ಅವಸರವಿಲ್ಲದೆ. ಐದು ಬೆರಳು. ಕಿರುಬೆರಳು ಹೊರಕ್ಕೆ ಸೊಟ್ಟಾಗಿತ್ತು.

ನಾನು ಕೂಗಲಿಲ್ಲ. ಹೆದರಿಕೆಯೂ ಆಗಲಿಲ್ಲ, ಅದೇ ಸೋಜಿಗ. ಚೀರಿದ ದನಿ ಮಾತ್ರ ಕೇಳಿತು, ಖೂನಿ ಕಾಣಲಿಲ್ಲ. ಮಾವನ ಕೈಗಳು ನನ್ನ ಮಡಿಲಲ್ಲೇ ಇದ್ದವು. ತಿರುಗಿ ನೋಡಿದರೆ ಅವರು ಸಣ್ಣ ಹುಡುಗರ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದ್ದರು.

"ಮುಗೀತೇನ?" ಎಂದರು.

ಮೂರು ದಿನದಲ್ಲಿ ಅದೇ ಮೊದಲ ಮಾತು. ಯಾರನ್ನು ಕೇಳಿದರು, ನನಗೆ ತಿಳಿಯದು. ನನ್ನನ್ನು ಅವರು ಯಾವಾಗಲೂ 'ಯವ್ವಾ' ಎಂದೇ ಕರೆಯುವವರು. ಯಾರೂ ಉತ್ತರ ಕೊಡದೆ ಬಿಟ್ಟರೆ ಎಂಬ ಸಂಕಟಕ್ಕೆ ನಾನೇ ಹೇಳಿದೆ, "ಮುಗೀತ್ರಿ, ಕಣ್ಣ ತಗೀರಿ."

ಅಷ್ಟರಲ್ಲಿ ಕೈ ಇಳಿದು ಹೋಗಿತ್ತು. ಮಾವ ಕಣ್ಣು ತೆರೆದು ಮೊದಲು ನೋಡಿದ್ದು ಗೋಡೆಯ ಮೇಲಿನ ಬಿಸಿಲನ್ನು. "ಇನ್ನ ಹೊತ್ತೈತಲ್ಲ ಯವ್ವಾ. ಆ ಗಂಜಿ ಕೊಡು."

ಅರ್ಧ ಬಟ್ಟಲು ಕುಡಿದರು. ನಾನು ಅಡುಗೆಮನೆಗೆ ಹೋಗಿ ಬ್ಯಾಳಿಯ ಮೊರದ ಮುಂದೆ ಕುಳಿತು ಅತ್ತುಬಿಟ್ಟೆ. ಪದ್ಮಾ ಗಾಬರಿಯಾದಳು.

ಮರುದಿನ ಅದನ್ನೇ ಮತ್ತೆ ಹಚ್ಚಿದೆ. ಖೂನಿ ಪೂರ್ತಿ ಕಂಡಿತು, ಚಾಕುವೂ ಕಂಡಿತು. ಕೈ ಇರಲಿಲ್ಲ. "ಮಮ್ಮಿ, ಡಿವಿಡಿ ಮ್ಯಾಲೆ ಧೂಳ ಕುಂತಿದ್ದೀತು" ಎಂದಳು ಪದ್ಮಾ. "ಡೇರೆದಾಗ ಯಾವನೋ ಆಪರೇಟರ್ ಕೈ ಹಿಡಿದಿರಬೇಕ ಬಿಡು" ಎಂದು ನಮ್ಮ ಮನೆಯವರು ನಕ್ಕರು. ಪರದೆಯ ಮೇಲೆ ಬಿದ್ದ ನೆರಳು ರೀಲಿನೊಳಗೆ ಹೋಗುತ್ತದೆಯೇ? ಬೆಳಕು ಒಳಗಿನಿಂದಲೇ ಬರುವ ಟಿವಿಗೆ ನೆರಳು ಬೀಳುವುದಾದರೂ ಹೇಗೆ? ಮೂರು ದಿನ ನಾನೂ ಸರಿಯಾಗಿ ಉಂಡಿರಲಿಲ್ಲ, ಕಣ್ಣು ಕಟ್ಟಿರಬಹುದು. ಹಾಗೂ ಹೇಳಿಕೊಂಡು ನೋಡಿದ್ದೇನೆ.

ಮಾವ ಆಮೇಲೆ ಎರಡು ವರ್ಷ ನಮ್ಮೊಂದಿಗಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿದೆ, "ಅವತ್ತ ಟಿವಿದಾಗ ಏನ್ ಕಂಡ್ರಿ, ಮಾಮಾ?"

"ನಾ ಕಣ್ಣ ಮುಚ್ಚಿದ್ನಲ್ಲ, ನನಗೇನ್ ಕಾಣ್ತೈತಿ?" ಎಂದರು. ನನ್ನ ಕಡೆ ತಿರುಗಿದರು. "ನೀ ನೋಡೀದಿ. ನೀನ ಹೇಳು."

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವರು ಒತ್ತಾಯ ಮಾಡಲಿಲ್ಲ, ರೊಟ್ಟಿ ಮುರಿದುಕೊಂಡರು. ಹೊರಗೆ ಇನ್ನೂ ಬಿಸಿಲಿತ್ತು.