ಕೊನೆಯ ಪುಟದ ಜಗಳ
ಕುಶಾಲನಗರದ ವಿಶಾಲಾಕ್ಷಮ್ಮನಿಗೆ ಗಂಡನೇ ಕೊಲೆಗಾರನಿರಬಹುದೆಂಬ ಗುಮಾನಿಯ ಕಾದಂಬರಿಗಳೆಂದರೆ ಪ್ರಾಣ. ಓದುವಾಗ ಕೂತಲ್ಲಿ ಕೂರುವುದಿಲ್ಲ, ಸಾರು ಉಕ್ಕಿದರೂ ಪುಸ್ತಕ ಕೆಳಗಿಡುವುದಿಲ್ಲ. ಗಂಡ ಸಣ್ಣಸ್ವಾಮಿ, ಪಾಪ, ಕಾಫಿ ಮಾಡಿ ತಂದರೆ, "ಮೊದ್ಲು ನೀವೊಂದು ಗುಟುಕು ಕುಡೀರಿ" ಎನ್ನುತ್ತಾರೆ. ಓದಿ ಮುಗಿಸಿದ ಮರುದಿನ ಗ್ರಂಥಾಲಯದ ಕವನಾಳಿಗೆ ಗ್ರಹಚಾರ. ಪ್ರತಿಸಲವೂ ಕೊನೆ ಕೆಟ್ಟಿತೆಂದೇ ಜಗಳ. ಈ ವಾರವೂ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಮುನ್ನೂರು ಪುಟ ಗಂಡ ಕೊಲ್ತಾನೆ ಅಂತ ಹೆದರ್ಸಿ, ಕೊನೇಲಿ ಎಲ್ಲಾ ಅವಳ ಭ್ರಮೆ ಅಂತ ಮುಗ್ಸವ್ರಲ್ಲ!" ಕವನಾ ನಕ್ಕಳು: "ಕಥೆ ತಾನೆ, ಬಿಡಿಯಮ್ಮ." ವಿಶಾಲಾಕ್ಷಮ್ಮ ನಗಲಿಲ್ಲ. "ನನ್ ತಂಗಿ ಗಂಡಂಗೆ ಹೆದರ್ಕೊಂಡು ಓಡಿಬಂದಾಗ ನಾನೂ ಎಲ್ಲಾ ನಿನ್ ಭ್ರಮೆ ಅಂದಿದ್ದೆ ಕಣವ್ವ. ನಾನೇ ಬಸ್ಸು ಹತ್ಸಿ ವಾಪಸ್ ಕಳಿಸ್ದೆ. ಮೂರೇ ದಿನಕ್ಕೆ ಹೆಣ ಬಂತು" ಎಂದವರು, ಇನ್ನೊಂದು ಕಾದಂಬರಿಗೆ ಕೈ ಚಾಚಿದರು.