ಎಡಬದಿಯ ಕಂಬ

ದೆವ್ವ ಕಂಡವರ, ಸತ್ತವರ ದನಿ ಕೇಳಿದವರ ಕಥೆಗಳನ್ನು ನಾನು ಎಂದೂ ನಂಬಿದವಳಲ್ಲ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರು ಇಂಥದ್ದನ್ನು ಹೇಳಿ ಹೆದರುತ್ತಿದ್ದರೆ ನಾನು ಎದ್ದು ಹೋಗಿ ಮಲಗುತ್ತಿದ್ದೆ. ಈಗಲೂ ನಂಬುವುದಿಲ್ಲ. ಆದರೆ ನನಗೇ ಆದ ಒಂದು ಅನುಭವವಿದೆ. ಅದನ್ನು ನಂಬದೆ ಇರಲು ನನಗೆ ದಾರಿ ಸಿಕ್ಕಿಲ್ಲ, ನಂಬಲು ಮನಸ್ಸಿಲ್ಲ. ಓದುವವರು ಏನಾದರೂ ತಿಳಿದುಕೊಳ್ಳಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಒಂದು ವರ್ಷ ನನಗೆ ತಿಳಿಯದಂತೆ ಕಣ್ಣಿನ ಅಂಚುಗಳು ಹೋಗುತ್ತ ಬಂದವು. ಎದುರಿಗಿದ್ದದ್ದು ಸ್ಪಷ್ಟ, ಬದಿಯಲ್ಲಿದ್ದದ್ದು ಇಲ್ಲ. ಬಾಗಿಲ ದಾರಂದಕ್ಕೆ ಭುಜ ಬಡಿದುಕೊಳ್ಳುತ್ತಿದ್ದೆ. ಕೊನೆಯ ಬೆಂಚಿನ ಹುಡುಗಿಯರು ಕೈಯೆತ್ತಿದರೂ ನನಗೆ ಕಾಣುತ್ತಿರಲಿಲ್ಲ. "ಅಕ್ಕೋರಿಗೆ ಈಗ ಬಾಳ ಸೊಕ್ಕು" ಎಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಕಿವಿ ಚೆನ್ನಾಗಿಯೇ ಇತ್ತು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಗೋಡೆಗೆ ಕರಿಯ ಬಟ್ಟೆ ಕಟ್ಟಿ, ನಡುವಿನ ಚುಕ್ಕೆಯನ್ನೇ ನೋಡಲು ಹೇಳಿ, ಕೋಲಿನ ತುದಿಯ ಬಿಳಿಯ ಮಣಿಯೊಂದನ್ನು ಅಂಚಿನಿಂದ ಒಳಕ್ಕೆ ತಂದರು. "ಕಂಡ ಕೂಡಲೆ ಹೇಳ್ರಿ" ಎಂದರು. ಬಲಗಡೆಯ ಮಣಿ ಬಹಳ ಒಳಗೆ ಬಂದ ಮೇಲೆ ಕಂಡಿತು. ಎಡಗಡೆಯದು ಇನ್ನೂ ಒಳಗೆ. ನನ್ನ ಕುರುಡು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಆ ದಿನದಿಂದ ನನಗೆ ಚೆನ್ನಾಗಿ ಗೊತ್ತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅಲ್ಲಿಂದ ಅಪ್ಪಯ್ಯನ ಜೊತೆ ಮುಂಬಯಿಗೆ ಹೋದೆ. ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ ಒಂದು ಗಡ್ಡೆ ಬೆಳೆದು ನರಗಳನ್ನು ಒತ್ತುತ್ತಿದೆ ಎಂದರು. ಕೆಟ್ಟ ಜಾತಿಯ ಗಡ್ಡೆಯಲ್ಲ, ಬೇರೆ ಕಡೆಗೆ ಹರಡುವುದಿಲ್ಲ. ಆದರೆ ಹೀಗೇ ಬಿಟ್ಟರೆ ಪೂರ್ತಿ ಕುರುಡು. ದಾರಿ ಎರಡು. ಹೊರಗಿನಿಂದ ಕಿರಣ ಬಿಟ್ಟು ಗಡ್ಡೆಯನ್ನು ಕುಗ್ಗಿಸುವುದು ಒಂದು. ಅದರಲ್ಲಿ ಜೀವಕ್ಕೆ ಭಯವಿಲ್ಲ, ಆದರೆ ನಿಧಾನ, ಹೋದ ದೃಷ್ಟಿ ಬಂದೀತೆಂಬ ಭರವಸೆಯೂ ಇಲ್ಲ. ಇನ್ನೊಂದು, ತಲೆ ತೆರೆದು ಗಡ್ಡೆ ತೆಗೆಯುವುದು. ಮೇಜಿನ ಮೇಲೇ ಸಾಯಬಹುದು; ಉಳಿದರೆ ಕಣ್ಣು ತಿರುಗಿ ಬರಬಹುದು. "ಊರಿಗೆ ಹೋಗಿ ಯೋಚಿಸಿ. ಆದರೆ ತಡಮಾಡಬೇಡಿ" ಎಂದು ಕಳಿಸಿದರು.

ನಾನು ಯೋಚಿಸುವುದು ರೈಲಿನಲ್ಲೇ ಮುಗಿದಿತ್ತು. ನನಗೆ ಕಣ್ಣು ಬೇಕು. ಮನೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ನಡೆಯಿತು.

ಕಿರಣಕ್ಕೆ ನಮ್ಮ ಕಡೆ ಹೇಳುವುದು 'ಕರೆಂಟು ಕೊಡುವುದು' ಎಂದು. ಊರಿಗೆ ವಿದ್ಯುತ್ತು ಆಗಷ್ಟೇ ಬಂದಿತ್ತು, ಹೊಸ ಕಂಬಗಳನ್ನು ಕಂಡರೆ ನನ್ನ ತಾಯಿಗೆ ಹೆದರಿಕೆ.

"ಕಂಬದ ಕರೆಂಟು ಮುಟ್ಟಿರೆ ಸಾಯ್ತ, ತಲೆಗೇ ಕೊಟ್ರೆ ಗುಣ ಆಗ್ತ?" ಎಂದಳು ಆಯಿ.

"ಅದು ಬೇರೆ ಕರೆಂಟೇ, ಮಾರಾಯ್ತಿ" ಎಂದರು ಅಪ್ಪಯ್ಯ.

ಒಳಗಿನಿಂದ ಗಂಗತ್ತೆಯ ದನಿ ಬಂತು: "ಕೊಡ್ಸದಾದ್ರೆ ಕೊಡ್ಸಿ. ಮ್ಯಾಲಿಂದ ಒಂದು ಬಲ್ಬೂ ಸಿಕ್ಕಿಸ್ಕಂಡು ಬನ್ನಿ. ಸೀಮೆಎಣ್ಣೆ ಉಳಿತ್ತು."

ಗಂಗತ್ತೆ ಅಪ್ಪಯ್ಯನ ಅಕ್ಕ. ಗಂಡ ಯಾರೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ನಾನು ಕಂಡಂತೆ ಅವಳು ಯಾವಾಗಲೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿತ್ತಲು, ಅಡಿಗೆಮನೆಗಳಲ್ಲೇ ಇದ್ದವಳು. ಕ್ಷೌರದವನು ಹಿತ್ತಿಲ ಕಡೆಯಿಂದ ಬಂದು ಹೋಗುತ್ತಿದ್ದ. ಅವಳ ಬರಿಯ ತಲೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆಪರೇಶನ್ನಿಗೆ ಮೊದಲು ತಲೆ ಬೋಳಿಸುತ್ತಾರೆ ಎಂದು ತಿಳಿದ ಮೇಲೆ ಆಯಿಗೆ ಕರೆಂಟಿನ ಹೆದರಿಕೆ ಪೂರ್ತಿ ಹೋಯಿತು. "ಮದ್ವೆ ಆಗದ್ದ ಕೂಸಿನ ತಲೆ ಬೋಳ್ಸದು ಹೇಳಿರೆ ಎಂತ ಮಾತು? ಯಾರ ಮನೆಲ್ಲಿ ನಡದ್ದು? ಕರೆಂಟೇ ಕೊಡ್ಸನ." ಸಾವಿನ ಮಾತನ್ನು ಕೇಳಿಯೂ ಸುಮ್ಮನಿದ್ದವಳು ಕೂದಲಿನ ಮಾತಿಗೆ ಅತ್ತಳು. ಗಂಗತ್ತೆಯ ಎದುರಿಗೇ ಅತ್ತಳು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಕೊನೆಗೆ ಪ್ರಸಾದ ಕೇಳುವುದೆಂದು ತೀರ್ಮಾನವಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೇವರ ಮೂರ್ತಿಯ ಎರಡೂ ಭುಜಗಳಿಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಪ್ರಶ್ನೆ ಹೇಳಿ, ಯಾವ ಬದಿಯದು ಮೊದಲು ಬೀಳುತ್ತದೆಂದು ಕಾಯುವುದು. ಬಲದ್ದು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡವೆಂದು ಅರ್ಥ. ಒದ್ದೆಯ ಎಸಳು ಒಣಗಿದರೆ ಬೀಳುತ್ತದೆ, ಗಾಳಿ ಬೆಳಕು ಯಾವ ಕಡೆಯಿಂದ ಬರುತ್ತದೋ ಆ ಕಡೆಯದು ಮೊದಲು ಒಣಗುತ್ತದೆ. ನಾನು ಇದನ್ನು ಹೇಳಿದೆ. ಆಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಸಮಾಧಾನಕ್ಕೆಂದು ಹೊರಟೆ.

ಗುಡಿ ಆಯಿಯ ತವರೂರು ಕೋಲಸಿರ್ಸಿಯ ಸಮೀಪದಲ್ಲಿತ್ತು. ಬೆಳಗಿನ ಬಸ್ಸಿಗೆ ಸಿದ್ದಾಪುರಕ್ಕೆ ಹೋಗಿ ಅಲ್ಲಿಂದ ನಡೆದೆವು: ಅಪ್ಪಯ್ಯ, ಆಯಿ, ನಾನು. ಗಂಗತ್ತೆ ಬರಲಿಲ್ಲ. ಮಡಿಯ ಕಾರಣಕ್ಕೆ ಅವಳು ಬಸ್ಸು ಹತ್ತುತ್ತಿರಲಿಲ್ಲ.

ಗುಡಿಯಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ. ಭಟ್ಟರು ಗಣಪತಿಯ ಭುಜಗಳಿಗೆ ಕೇಪಳದ ಎಸಳು ಅಂಟಿಸಿ, "ಎಂತ ಕೇಳವು?" ಎಂದರು. "ಆಪರೇಶನ್ ಮಾಡ್ಸಕ್ಕಾ ಹೇಳಿ" ಎಂದರು ಅಪ್ಪಯ್ಯ. ಭಟ್ಟರು ಸಂಕಲ್ಪ ಹೇಳಿದರು. ಆಯಿ, ಅಪ್ಪಯ್ಯ ಇಬ್ಬರೂ ನನ್ನ ಬಲಕ್ಕೆ ಸ್ವಲ್ಪ ಮುಂದೆ ಕೈಮುಗಿದು ನಿಂತಿದ್ದರು. ಹೊರಗೆ ಒಳ್ಳೆಯ ಬಿಸಿಲಿತ್ತು. ನಾನು ಮೂರ್ತಿಯ ಮುಖವನ್ನೇ ನೋಡುತ್ತಿದ್ದೆ.

ಆಗ ನನ್ನ ಎಡಬದಿಯಲ್ಲಿ, ಬಿಳಿಯ ಮಣಿಯೂ ಕಾಣದ ಜಾಗದಲ್ಲಿ, ಗಂಗತ್ತೆ ನಿಂತಿದ್ದಳು.

ಮಸುಕಾಗಿ ಅಲ್ಲ. ಕೆಂಪು ಸೀರೆ, ಅದರ ತೇಪೆ, ಒಣಗಿದ ಮುಂಗೈ, ಎಲ್ಲವೂ ಕಂಡವು. ಅವಳು ನನ್ನನ್ನು ನೋಡಲಿಲ್ಲ. ಸೆರಗನ್ನು ಹಿಂದಕ್ಕೆ ಸರಿಸಿದಳು. ಬೋಳುತಲೆಯ ಮೇಲೆ ಒಂದು ಬೆರಳಿಟ್ಟು, ಬಲಕಿವಿಯ ಮುಂದಿನಿಂದ ಮೇಲಕ್ಕೆ ಎಳೆದು, ನೆತ್ತಿಯ ಹತ್ತಿರ ಬಗ್ಗಿಸಿ, ಹಣೆಯ ನಡುವಿಗೆ ತಂದು ನಿಲ್ಲಿಸಿದಳು. ಕುಡಗೋಲಿನ ಹಾಗೆ ಒಂದು ಗೆರೆ. ಹೆಣ್ಣುಮಕ್ಕಳು ಬೈತಲೆ ತೆಗೆಯುವಾಗ ಎಳೆಯುವಷ್ಟೇ ನಿಧಾನವಾಗಿ.

ನಾನು ಕತ್ತು ತಿರುಗಿಸಿದೆ. ಅಲ್ಲಿ ಒಂದು ಕಲ್ಲಿನ ಕಂಬ ಇತ್ತು, ಅಷ್ಟೇ.

"ಎಡದ್ದು ಬಿತ್ತು" ಎಂದರು ಭಟ್ಟರು. ಆಯಿ ನಿಟ್ಟುಸಿರು ಬಿಟ್ಟು ನೆಲಕ್ಕೆ ಹಣೆ ಹಚ್ಚಿದಳು. ಮೂರ್ತಿಯ ಎಡಕ್ಕೆ ಕಿಟಕಿ ಇದ್ದದ್ದನ್ನು ನಾನು ಬರುವಾಗಲೇ ಗಮನಿಸಿದ್ದೆ.

"ಆನು ಆಪರೇಶನ್ನೇ ಮಾಡಿಸ್ಕತ್ತೆ" ಎಂದೆ.

"ದೇವ್ರು ಬ್ಯಾಡ ಹೇಳಿದ ಮ್ಯಾಲೂ?" ಎಂದಳು ಆಯಿ.

"ತಲೆ ಯನ್ನದು."

ಭಟ್ಟರು ಅಪ್ಪಯ್ಯನ ಮುಖ ನೋಡಿದರು. ಅಪ್ಪಯ್ಯ ನನ್ನ ಮುಖ ನೋಡಿದರು, ಆಮೇಲೆ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು. ಅವರು ಒಪ್ಪಿದ್ದು ಹಾಗೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟ ಮಾಡಬೇಕು. ಹೂವಿನ ಮಾತನ್ನು ಕೇಳದವಳು ನಾನು. ಹಾಗಿರುವಾಗ, ಗುಡಿಯಲ್ಲಿ ಕಂಡ ಅತ್ತೆಯ ಮಾತನ್ನು ಕೇಳಿದೆನೆಂದರೆ ನ್ಯಾಯವಾಗುವುದಿಲ್ಲ. ನಿರ್ಧಾರ ಅದಕ್ಕೂ ಮೊದಲೇ ಆಗಿತ್ತು, ಅದು ನನ್ನದೇ.

ನಾನು ಕಂಡದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮುಂಬಯಿಗೆ ಹೊರಡುವ ಹಿಂದಿನ ದಿನ ಗಂಗತ್ತೆ ನನ್ನ ಜಡೆ ಹೆಣೆದಳು. ಮಡಿಯಲ್ಲಿದ್ದವಳು ನನ್ನನ್ನು ಮುಟ್ಟಿದ್ದೇ ಅಪರೂಪ. ಹೆಣೆದು ಮುಗಿಸಿ ಅಂದಳು: "ಹೆದ್ರಡ ಕೂಸೆ. ಕೂದ್ಲು ಬತ್ತು. ಯನ್ನದಕ್ಕೆ ಬಪ್ಪಲೆ ಬಿಟ್ಟಿದ್ವಿಲ್ಲೆ, ಅಷ್ಟೇಯ."

ಆಸ್ಪತ್ರೆಯಲ್ಲಿ ತಲೆ ಬೋಳಿಸಿದ ಮೇಲೆ ಸರ್ಜನ್ನರು ಬಂದು ಯಾವುದೋ ಬಣ್ಣದಿಂದ ಗುರುತು ಹಾಕಿದರು. ಆ ತಂಪನ್ನು ನನ್ನ ಚರ್ಮ ಹಿಂಬಾಲಿಸಿತು: ಬಲಕಿವಿಯ ಮುಂದಿನಿಂದ ಮೇಲಕ್ಕೆ, ನೆತ್ತಿಯ ಹತ್ತಿರ ಬಾಗಿ, ಹಣೆಯ ನಡುವಿಗೆ. ಎಲ್ಲಿ ಕೊಯ್ಯುತ್ತಾರೆಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಎಲ್ಲೋ ಹಿಂದುಗಡೆ ಎಂದುಕೊಂಡಿದ್ದೆ.

ಬದುಕಿ ಬಂದೆ. ಕಣ್ಣಿನ ಅಂಚುಗಳು ನಿಧಾನವಾಗಿ, ಪೂರ್ತಿಯಲ್ಲದಿದ್ದರೂ ಬಹುಮಟ್ಟಿಗೆ, ತಿರುಗಿ ಬಂದವು. ನರ ಒತ್ತಿದಾಗ ಕಾಣದ ಜಾಗದಲ್ಲಿ ಮಿದುಳು ತಾನೇ ಚಿತ್ರ ತುಂಬುವುದುಂಟು ಎಂದು, ನಾನು ಕಂಡದ್ದನ್ನು ಕೇಳಿದ ಅಲ್ಲಿಯ ಡಾಕ್ಟರರೊಬ್ಬರು ಹೇಳಿದರು. ಒಪ್ಪಿಕೊಂಡೆ. ಅತ್ತೆಯ ಚಿತ್ರ ತುಂಬಿರಬಹುದು. ಆ ಗೆರೆಯನ್ನು ಎಲ್ಲಿಂದ ತಂದಿತು ಎಂದು ಕೇಳಿದೆ. ಅವರು ನಕ್ಕು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದಾಗ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅಡಿಗೆಮನೆಗೆ ಹೋದೆ. ಗಂಗತ್ತೆ ನನ್ನ ಗೆರೆಯನ್ನು ನೋಡಿದಳು. ಬೆರಳಿನಿಂದ ಮುಟ್ಟಲಿಲ್ಲ. ತನ್ನ ಸೆರಗನ್ನು ಸರಿಸಿದಳು. ಕೊಯ್ದ ಗದ್ದೆಯ ಕೂಳೆಯಂತೆ ಬಿಳಿಯ ಕೂದಲು ತಲೆಯ ತುಂಬ ಎದ್ದಿತ್ತು.

ನಾನು ಹೊರಟ ಮೇಲೆ ಕ್ಷೌರದವನು ಬಂದಿದ್ದನಂತೆ. "ಯಂಗೆ ಸಾಕಾತು, ನೀನು ಹೋಗು ಮಾರಾಯಾ" ಎಂದು ಹಿತ್ತಿಲ ಬೇಲಿಯ ದಣಪೆಯಿಂದಲೇ ಕಳಿಸಿದಳಂತೆ. ಆಯಿ ಪಿಸುಮಾತಿನಲ್ಲಿ ಹೇಳಿದಳು. ಆಮೇಲೆ ಅವನು ಬರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದೆ, ಪ್ರಸಾದದ ದಿನ ನೀನು ಎಲ್ಲಿದ್ದೆ ಎಂದು.

"ಎಲ್ಲಿಗೆ ಹೋಪದು? ಹಪ್ಪಳ ಒಣಗಿಸ್ತಾ ಇದ್ದಿದ್ದೆ. ಕಾಕೆ ಬತ್ತು, ಕಾಯವು." ಆಮೇಲೆ, "ಬಂದಿದ್ರೆ ಬಲದ ಹೂವ ಆನೇ ಬೀಳಿಸ್ತಿದ್ದೆ" ಎಂದಳು.

ಕಳೆದ ವರ್ಷ ಆಯಿಯ ಜೊತೆ ಮತ್ತೆ ಆ ಗುಡಿಗೆ ಹೋದೆ. ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು ಮೂರ್ತಿಯ ಮುಖವನ್ನು ನೋಡಿದೆ. ಈಗ ಎಡಬದಿಯ ಕಂಬ ಕಾಣುತ್ತದೆ: ಕರಿಯ ಕಲ್ಲು, ಎಣ್ಣೆಯ ಕಲೆ. ಅಂದು ಕತ್ತು ತಿರುಗಿಸುವವರೆಗೆ ಅಲ್ಲಿ ಕಂಬವಿದೆಯೆಂದೇ ನನಗೆ ತಿಳಿದಿರಲಿಲ್ಲ. ಕಂಬ ಕಾಣದ ಕಣ್ಣಿಗೆ ಬೆರಳು ಹೇಗೆ ಕಂಡಿತು? ಎಷ್ಟು ಯೋಚಿಸಿದರೂ ಆ ಲೆಕ್ಕ ನನ್ನಿಂದ ಬಿಡಿಸಲಾಗಿಲ್ಲ.

ನನ್ನ ಮದುವೆಯ ವಿಷಯ ಕೇಳಿಸಬೇಕೆಂದು ಆಯಿಯ ಮನಸ್ಸಿನಲ್ಲಿತ್ತು. ಭಟ್ಟರು ಕೇಪಳದ ಎಸಳು ಹಿಡಿದು, "ಈ ಸಲ ಎಂತ ಕೇಳವು, ತಂಗಿ?" ಎಂದರು.

"ಎಂತದೂ ಕೇಳದಿಲ್ಲೆ" ಎಂದೆ. "ನೋಡಲೆ ಬಂದಿದ್ದು."