ಸ್ಟ್ಯಾಂಡ್‌ಬೈ ಸಾಹೇಬರು
ಕಂಪ್ಯೂಟರ್ ಕೋಣೆಯ ಆ ಆಪರೇಟರನ್ನು ಆಫೀಸಿನವರೆಲ್ಲ ಸ್ಟ್ಯಾಂಡ್‌ಬೈ ಸಾಹೇಬರು ಎಂದೇ ಕರೆಯುತ್ತಿದ್ದರು. ಒಂದು ಸರ್ವರ್ ಕೈಕೊಟ್ಟರೆ ಪಕ್ಕದ್ದು ಆ ಕ್ಷಣವೇ ಅದರ ಕೆಲಸ ವಹಿಸಿಕೊಳ್ಳುವಂತೆ ನೋಡಿಕೊಳ್ಳುವುದು ಅವರ ಉದ್ಯೋಗ; ಮೂಗಿನ ಮೇಲಿನ ಕನ್ನಡಕದ ತದ್ರೂಪಿಯನ್ನು ಜೇಬಿನಲ್ಲಿಟ್ಟುಕೊಂಡು, ಬಿಚ್ಚಿದ ಛತ್ರಿಯ ಕೆಳಗೂ ಇನ್ನೊಂದು ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುವುದು ಅವರ ಸ್ವಭಾವ. ಎಲ್ಲರೂ ಕೆಲಸದಲ್ಲಿ ಮುಳುಗಿರುವಾಗ ಬೇಕೆಂದೇ ಒಂದು ಸರ್ವರಿನ ವೈರು ಕಿತ್ತು, ಬಾಗಿಲ ಸಂದಿಯಿಂದ ಇಣುಕಿ, ಯಾರೂ ತಲೆ ಎತ್ತದಿದ್ದರೆ ಮೀಸೆಯಲ್ಲೇ ನಗುತ್ತಿದ್ದರು. "ಸತ್ತಿದ್ದು ಯಾರಿಗೂ ಗೊತ್ತಾಗಬಾರ್ದು ಕಣ್ರೀ, ಅದೇ ನಮ್ಮ ಕಸುಬು!" ಆ ಕಸುಬನ್ನು ಅವರು ಪಕ್ಕದ ಬೀದಿಯಲ್ಲಿದ್ದ, ಕಣ್ಣು ಕಾಣದ ತಾಯಿಯ ಮುಂದೆಯೂ ನಡೆಸುತ್ತಿದ್ದರು. ಆಕೆಯ ಚಿಕ್ಕ ಮಗ ತೀರಿಕೊಂಡ ಸುದ್ದಿಯನ್ನು ಆಕೆಗೆ ಹೇಳಿರಲಿಲ್ಲ. ಬೆಳಿಗ್ಗೆ ದೊಡ್ಡ ಮಗನಾಗಿ, ತಮ್ಮದೇ ದನಿಯಲ್ಲಿ ಮಾತಾಡುತ್ತ ಹೋಗಿ ಕಾಲೊತ್ತುತ್ತಿದ್ದರು. ಸಂಜೆ ತಮ್ಮನ ಚಪ್ಪಲಿ ಮೆಟ್ಟಿ, ಅವನಂತೆ ಕಾಲೆಳೆಯುತ್ತ ಒಳಗೆ ಬಂದು, ಅವನ ಹಾಗೇ ಕೆಮ್ಮಿ, "ಅಮ್ಮಾ, ನಾನು ಚಿಕ್ಕೋನು" ಎನ್ನುತ್ತಿದ್ದರು. ಒಂದು ದಿನ ಎರಡೂ ಸರ್ವರುಗಳು ಒಟ್ಟಿಗೇ ಮಲಗಿಬಿಟ್ಟು, ಅವರು ಬೆಳಗಿನಿಂದ ಕತ್ತಲಾಗುವವರೆಗೂ ಆಫೀಸಿನಲ್ಲೇ ಸಿಕ್ಕಿಬಿದ್ದರು. ತಾಯಿಯ ಮನೆಗೆ ಒಂದು ಸಲವೂ ಹೋಗಲಾಗಲಿಲ್ಲ. ಮರುದಿನ ಬೆಳಿಗ್ಗೆ ಅವರು ಬಾಯಿ ತೆರೆಯುವ ಮೊದಲೇ ತಾಯಿ ಕೈಹಿಡಿದು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು: "ನಿನ್ನೆ ನೀನು ಬರ್ಲಿಲ್ಲ, ನಂಗೊತ್ತು ಕಣೋ. ಎರಡು ಹೊತ್ತೂ ಚಿಕ್ಕೋನೇ ಬಂದಿದ್ದ. ಬೆಳಿಗ್ಗೆ ಥೇಟ್ ನಿನ್ನ ಹಾಗೇ ಮಾತಾಡ್ದ. ಅವನ್ನ ಬೈಬೇಡ, ನಂಗೆ ಗೊತ್ತಾಗ್ಲಿಲ್ಲ ಅಂತ್ಲೇ ಅಂದ್ಕೊಂಡಿದಾನೆ, ಪಾಪ."